ಕುಂಕುಮ ಹಚ್ಚಿದ ಹಾಜರಿ ಪುಸ್ತಕ

ನೀಲಗುಂದ
ಗುರುವಾರ, 12 ಡಿಸೆಂಬರ್ 2024

ಪ್ರೀತಿಯ ಹುಲುಗೇಶಣ್ಣಾ,

ನಮ್ಮವ್ವ ಕ್ವಾರಿಯಲ್ಲಿ ಕೆಲಸಕ್ಕೇ ಇರಲಿಲ್ಲ, ಕಟ್ಟಿಗೆ ಆರಿಸಲು ಬಂದಾಗ ಬಂಡೆ ಬಿತ್ತು ಎಂದು ಮಾಲೀಕ ಬರೆದುಕೊಟ್ಟಿದ್ದಾನೆ. ಒಂಬತ್ತು ವರ್ಷ ಅವನ ಕಲ್ಲು ಹೊತ್ತವಳು ಸತ್ತ ತಿಂಗಳಿಗೇ ಕಟ್ಟಿಗೆಯವಳಾದಳು. ಸಿಟ್ಟಿನಲ್ಲಿ ನಿನ್ನ ಆರೋಗ್ಯ ಕೇಳುವುದನ್ನೇ ಮರೆತೆ. ಹುಬ್ಬಳ್ಳಿಯ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಅಪ್ಪ ಉಣ್ಣುತ್ತಾನೆ, ಮಾತಾಡುವುದಿಲ್ಲ.

ಮಂಗಳವಾರ ಅವ್ವನ ಪರಿಹಾರದ ವಿಚಾರಣೆಗೆ ಹರಪನಹಳ್ಳಿಯ ಕಾರ್ಮಿಕ ಕಚೇರಿಗೆ ಹೋಗಿದ್ದೆ. ಆಯುಧಪೂಜೆಗೆ ಊರಿಗೆ ಬಂದಾಗ ನೀನು ಕ್ವಾರಿಯಲ್ಲಿ ತೆಗೆದ ಫೋಟೋವನ್ನೇ ನಂಬಿದ್ದೆ. ಸುತ್ತಿಗೆ, ಡ್ರಿಲ್ಲಿಂಗ್ ಮಷೀನುಗಳ ಜೊತೆ ಹಾಜರಿ ಪುಸ್ತಕವನ್ನೂ ತೆರೆದಿಟ್ಟು ಪೂಜೆ ಮಾಡಿದ್ದರಲ್ಲ. ನೀನು ಕ್ಯಾಮೆರಾದ ಪರದೆಯಲ್ಲಿ ಆ ಪುಟವನ್ನು ಹಿಗ್ಗಿಸಿ “ಚೌಡಕ್ಕ” ಎಂದು ಓದಿದಾಗ ಅವ್ವ ನಕ್ಕಿದ್ದಳು: “ನೋಡ್ಲೇ, ನನ್ ಹೆಸರಿಗೂ ಕುಂಕುಮ ಹಚ್ಯಾರ!” ಈಗ ಆ ಪುಸ್ತಕ ಮಳೆಗೆ ನೆನೆದು ಹೋಯಿತಂತೆ.

ಅಧಿಕಾರಿ ನಮ್ಮ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರು. ದೊಡ್ಡದಾದಷ್ಟೂ ಸಾಲುಗಳು ಬೂದು ಚೌಕಗಳಾದವು. “ಇದರಾಗ ಹೆಸರು ಎಲ್ಲೈತಮ್ಮಾ? ಇರುವಿ ಹರಿದಂಗ ಕಾಣತೈತಿ” ಎಂದರು. ಮಾಲೀಕನ ಕಡೆಯವರು ನಕ್ಕರು. ಕರಪತ್ರ ಓದಿ ಓದಿ ಕಾರ್ಮಿಕ ಕಾನೂನಿನ ಕಲಂಗಳೆಲ್ಲ ನನಗೆ ಬಾಯಿಪಾಠ. ಫೋಟೋ ಎಂದರೇನೆಂದು ಮಾತ್ರ ಗೊತ್ತಿರಲಿಲ್ಲ.

ನಿನ್ನೆ ಕೊಟ್ಟೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಅಂಜಿನಕ್ಕ ಬಿಡಿಸಿ ಹೇಳಿದಳು. ನಿನ್ನ ಕ್ಯಾಮೆರಾ ಒಂದು ಚಿತ್ರವನ್ನು ಎರಡು ಕೋಟಿ ನಲವತ್ತು ಲಕ್ಷ ಚುಕ್ಕಿಗಳಲ್ಲಿ ಹಿಡಿಯುತ್ತದೆ. ಅಷ್ಟು ಚುಕ್ಕಿಗಳ ಬಣ್ಣವನ್ನು ನೆನಪಿಡಬೇಕಾದ್ದರಿಂದಲೇ ಒಂದೊಂದು ಫೋಟೋ ಹತ್ತು ಎಂಬಿ. ನೀನು ವಾಟ್ಸಾಪಿನಲ್ಲಿ ಕಳಿಸಿದಾಗಲೇ ಅದು ಕುಗ್ಗಿತು. ದೂರಿನ ಜಾಲತಾಣ ಇನ್ನೂರು ಕೆಬಿ ಮೀರಿದ್ದನ್ನು ತೆಗೆದುಕೊಳ್ಳಲಿಲ್ಲ. ಆಗ ನಾನೇ ಮತ್ತಷ್ಟು ಕುಗ್ಗಿಸಿದೆ. ಉಳಿದದ್ದು ನಾಲ್ಕು ಲಕ್ಷ ಚುಕ್ಕಿ. ಅರವತ್ತಿದ್ದ ಕಡೆ ಒಂದು. ಅವ್ವನ ಹೆಸರು ಹೋದ ಐವತ್ತೊಂಬತ್ತರಲ್ಲಿತ್ತು, ಅಣ್ಣಾ. “ಹೋದ ಚುಕ್ಕಿ ಹಿಗ್ಗಿಸಿದ್ರ ಬರಂಗಿಲ್ಲವ್ವ” ಎಂದಳು ಅಂಜಿನಕ್ಕ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ನಿನ್ನ ಹೆಸರು ಕೇಳಿದಾಗ ತಲೆಯೆತ್ತಿದ. ಅದನ್ನೇ ಆಶೀರ್ವಾದ ಎಂದುಕೋ.

ನಿನ್ನ ತಂಗಿ,
ದುರ್ಗಾದೇವಿ

ತಾ.ಕ.: ನಿನ್ನ ಫೋನು ಹತ್ತುತ್ತಿಲ್ಲ, ಪಕ್ಕದ ಮನೆಯ ಮಾರೇಶನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ನೀನು ಕೆಲಸ ಮಾಡುವ ಸ್ಟುಡಿಯೋದವರು ಎರಡು ತಿಂಗಳ ಹಳೆಯ ಫೋಟೋಗಳನ್ನು ಅಳಿಸುತ್ತಾರೆ ಎಂದು ನೀನೇ ಹೇಳಿದ್ದೆ. ನಿನ್ನೆಗೆ ಎರಡು ತಿಂಗಳಾಯಿತು. ಮೂಲ ಫೋಟೋ ಉಳಿದಿದ್ದರೆ ಪೆನ್‌ಡ್ರೈವಿನಲ್ಲಿ ಹಾಕಿ ಕೈಯಲ್ಲೇ ತಾ, ಫೋನಿನಲ್ಲಿ ಕಳಿಸಬೇಡ. ಅಳಿಸಿದ್ದರೂ ಬಾ, ನಮ್ಮ ಕಡೆ ಆ ಹೆಸರನ್ನು ಕಣ್ಣಾರೆ ಓದಿದವನು ನೀನೊಬ್ಬನೇ. ಅಧಿಕಾರಿ ಕೊಟ್ಟಿರುವುದು ಇನ್ನೊಂದೇ ಅವಕಾಶ. ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ: ಸೋಮವಾರ, ಹದಿನಾರನೇ ತಾರೀಖು, ಬೆಳಿಗ್ಗೆ ಒಂಬತ್ತೂವರೆ.