ಹೊನ್ನಕ್ಕನ ಮನೆಯ ನೀರು

ಚಿತ್ರದುರ್ಗ, ೧೪ ಏಪ್ರಿಲ್ ೧೯೭೩, ಶನಿವಾರ

ಇವತ್ತು ಬೆಳಿಗ್ಗೆ ತಿಂಡಿಗೆ ಕೂತಾಗಲೂ ಇವರ ಬಾಯಲ್ಲಿ ಪಕ್ಕದ ಮನೆ ಹೊನ್ನಕ್ಕನದೇ ಮಾತು. ನೀರು ಮಿತವಾಗಿ ಬಳಸಿ ಎಂದು ಬೀದಿ ಬೀದಿಗೆ ಹೇಳಿ ಬರುವುದು ಪುರಸಭೆಯಲ್ಲಿ ಇವರ ಕೆಲಸ. ಅದಕ್ಕೆ ಉದಾಹರಣೆಯಾಗಿ ಅವಳೇ ಬೇಕೇ?

“ಬಟ್ಟೆ ಜಾಲಿಸಿದ ನೀರ್ನಾಗೇ ಬಚ್ಚಲು ತೊಳೀತಾಳೆ. ನಮ್ಮನೇಲಿ ಸಂಜೆಗೇ ಹಂಡೆ ಖಾಲಿ,” ಅಂದರು.

ಅವಳ ಮನೆಯಲ್ಲಿ ಇಬ್ಬರೇ. ನಮ್ಮಲ್ಲಿ ಅತ್ತೆ, ಮೂರು ಮಕ್ಕಳು. ಅದು ಇವರಿಗೆ ಕಾಣುವುದಿಲ್ಲ. ಒಂದೇ ಕೊಡ ಹೊತ್ತು ಅವಳು ಬಳುಕುತ್ತಾ ಹೋಗುವುದು ಮಾತ್ರ ಕಾಣುತ್ತದೆ.

ಹೊಟ್ಟೆಯುರಿಗೆ ನಾನೂ ಹಠ ಹಿಡಿದೆ. ಅಕ್ಕಿ ತೊಳೆದ ನೀರಲ್ಲಿ ಪಾತ್ರೆ ಬೆಳಗಿದೆ. ಮಕ್ಕಳನ್ನು ಅರ್ಧರ್ಧ ಬಕೆಟ್ಟಿನಲ್ಲಿ ಮೀಯಿಸಿದೆ. ನಾನು ಸ್ನಾನವನ್ನೇ ಬಿಟ್ಟೆ.

“ಏನೇ, ನೀರಿಗೂ ಬೀಗ ಹಾಕ್ತೀಯಾ?” ಎಂದು ಅತ್ತೆ ಗೊಣಗಿದರು.

ರಾತ್ರಿ ಊಟವಾದ ಮೇಲೆ ಇವರನ್ನು ಕರೆದು ಹಂಡೆ ತೋರಿಸಿದೆ. ಅರ್ಧಕ್ಕಿಂತ ಮೇಲೇ ಇತ್ತು. ಬಗ್ಗಿ ನೋಡಿ ನಿಜವಾಗಿಯೂ ಖುಷಿಪಟ್ಟರು.

“ಪರವಾಗಿಲ್ವೇ. ಹೊನ್ನಕ್ಕ ಹೇಳ್ಕೊಟ್ಳಾ?”

ಈಗ ಗೊರಕೆ ಹೊಡೆಯುತ್ತಿದ್ದಾರೆ. ನನಗೆ ಮೈಯೆಲ್ಲ ಅಂಟಂಟು, ನಿದ್ದೆ ಬರುತ್ತಿಲ್ಲ. ಎದ್ದು ಆ ನೀರನ್ನೆಲ್ಲ ತಲೆಗೆ ಸುರಿದುಕೊಳ್ಳೋಣ ಅನ್ನಿಸುತ್ತದೆ. ಆದರೆ ನಾಳೆ ನಲ್ಲಿ ಬರುವುದಿಲ್ಲ. ಕೊಡ ಹಿಡಿದುಕೊಂಡು ಅವಳ ಬಾಗಿಲಿಗೇ ಹೋಗಬೇಕಾದೀತು.