ಮೂವತ್ತೊಂಬತ್ತು ಕಾರಣ ಮುಗಿದ ಮೇಲೆ

ಉಪಚಾರ ಶಕೆ ೧೧೨, ಹದಿಮೂರನೆಯ ತಿಂಗಳು, ತಾರೀಖು ಮೂವತ್ತನಾಲ್ಕು
ಬೆಟಗೇರಿ, ವಾಪಸು ಕಟ್ಟೆಯ ಸರತಿಯಿಂದ

ಹಿಂದಿನ ಕಾಲದ ಹಿರಿಯರಿಗೆ,

ತಾರೀಖು ನೋಡಿ, ಬರೆದವನಿಗೆ ತಲೆ ಕೆಟ್ಟಿದೆಯೆಂದು ಕಾಗದ ಮಡಚಿಡಬೇಡಿ. ಮಾರಾಟದ ಹಬ್ಬಗಳು ಹನ್ನೆರಡು ತಿಂಗಳಲ್ಲಿ ಹಿಡಿಸಲಿಲ್ಲವೆಂದು ನನ್ನ ಮುತ್ತಜ್ಜನ ಕಾಲದಲ್ಲಿ ಇನ್ನೊಂದು ತಿಂಗಳು ಸೇರಿಸಿದರು. ಅದಕ್ಕೆ ಎಷ್ಟು ದಿನ ಎಂಬುದು ಆ ವರ್ಷದ ವ್ಯಾಪಾರದ ಮೇಲೆ ನಿಂತಿರುತ್ತದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಮ್ಮ ಕಾಲವನ್ನು ಹೇಳಲು ನನಗೆ ಬೇರೆ ಮಾತು ಬಾರದು. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಪತ್ರ. ನಮ್ಮ ಕಾಲೇಜು ಪ್ರತಿ ವಿದ್ಯಾರ್ಥಿಗೂ ಓದು ಮುಗಿಯುವುದರೊಳಗೆ ಒಂದನ್ನು ಬಿಟ್ಟಿಯಾಗಿ ಕೊಡುತ್ತದೆ. ಬಿಟ್ಟಿ ಸಿಕ್ಕಿದ್ದೆಂದು ಮೂರು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ. ನನ್ನ ಓದು ಉಳಿಯುತ್ತದೋ ಇಲ್ಲವೋ ಎಂಬುದು ಇಂದು ಸಂಜೆ ಆರಕ್ಕೆ ತೀರ್ಮಾನವಾಗುತ್ತದೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನನ್ನ ಹೆಸರು ಫಕ್ಕೀರೇಶ. ಅಡ್ಡಹೆಸರು ಅಂಗಡಿ. ನಗಬೇಡಿ, ಹಾಸ್ಟೆಲಿನವರು ಆಗಲೇ ಸಾಕಷ್ಟು ನಕ್ಕಿದ್ದಾರೆ. ನೆಲದಡಿಯ ನೀರು ಹುಡುಕುವ ವಿದ್ಯೆಯಲ್ಲಿ ಕೊನೆಯ ವರ್ಷದವನು. ನನ್ನ ಹತ್ತಿರ ಎರಡು ಅಂಗಿ, ಒಂದು ತಟ್ಟೆ ಮತ್ತು ಮೂರು ಸಲ ಅಟ್ಟೆ ಹಾಕಿಸಿದ ಒಂದು ಜೊತೆ ಚಪ್ಪಲಿ ಇವೆ. ಜಿಪುಣ ಎನ್ನುತ್ತಾರೆ, ಅನ್ನಲಿ. ಅಟ್ಟೆ ಹೊಲಿಸಿದ ಚಪ್ಪಲಿ ಮೆಟ್ಟಿ ಮೊದಲ ನಾಲ್ಕು ಹೆಜ್ಜೆ ಇಡುವಾಗ ನನಗಾಗುವ ಖುಷಿ, ಕೋಣೆಯ ಗೆಳೆಯ ದಾವಲಸಾಬನಿಗೆ ಹೊಸ ಪೆಟ್ಟಿಗೆ ಒಡೆಯುವಾಗ ಆಗುವುದನ್ನು ನಾನಂತೂ ಕಂಡಿಲ್ಲ. ದಾವಲ ಒಳ್ಳೆಯವನು, ತನ್ನ ಚಹಾದಲ್ಲಿ ನನಗೆ ಅರ್ಧ ಕೊಡುತ್ತಾನೆ. ಆದರೆ ಬಂದದ್ದನ್ನೆಲ್ಲ ಇಟ್ಟುಕೊಂಡು ಈಗ ಪೆಟ್ಟಿಗೆಗಳ ನಡುವೆ ಕೂತೇ ನಿದ್ದೆ ಮಾಡುತ್ತಾನೆ.

ಬಂದದ್ದು ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಯಾರೂ ಅಂಗಡಿಗೆ ಹೋಗುವುದಿಲ್ಲ. ಸಾಮಾನು ತಾನಾಗಿಯೇ ಮನೆಗೆ ಬರುತ್ತದೆ, ಇದಕ್ಕೆ ಉಪಚಾರ ಎಂದು ಹೆಸರು. ನಿಮ್ಮ ಊಟದ ಪಂಕ್ತಿಗಳಲ್ಲಿ ಹೋಳಿಗೆ ಹಿಡಿದು ಬಂದವರಿಗೆ ನೀವು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದಿರಂತೆ. ಅವರು ಆಣೆ ಹಾಕಿ ಬಡಿಸಿಯೇ ತೀರುತ್ತಿದ್ದರಂತೆ. ಅದರಲ್ಲಿ ಅಕ್ಕರೆ ಇತ್ತು ಎಂದು ಓದಿದ್ದೇನೆ. ಆ ಅಕ್ಕರೆಯ ಧ್ವನಿಯನ್ನೇ ತೆಗೆದು ಈ ಉಪಚಾರದವರು ಪೆಟ್ಟಿಗೆಗಳಲ್ಲಿ ತುಂಬಿದ್ದಾರೆ. ಬಾಗಿಲು ತೆರೆದರೆ ಸಾಕು, ಪೆಟ್ಟಿಗೆಯೊಳಗಿಂದ ಅಜ್ಜಿಯೊಬ್ಬಳು “ನನ್ನ ಮ್ಯಾಲ ಆಣಿ, ಇದೊಂದ ಇಟಗೊಳ್ಳೋ ಕೂಸ” ಎನ್ನುತ್ತಾಳೆ. ಎರಡು ದಿನದೊಳಗೆ ವಾಪಸು ಕಟ್ಟೆಗೆ ಹೊತ್ತು ತಂದು ಒಪ್ಪಿಸದಿದ್ದರೆ ಅದು ನಮ್ಮದಾಗುತ್ತದೆ, ಬೆಲೆ ನಮ್ಮ ಗಂಟಿನಿಂದ ಹೋಗುತ್ತದೆ. ನನ್ನ ಗಂಟಿನಲ್ಲಿರುವುದು ಕೊನೆಯ ಅವಧಿಯ ಫೀ ಮಾತ್ರ. ಸೋಮವಾರ ಕಾಲೇಜು ಅದನ್ನು ಗಂಟಿನಿಂದಲೇ ತೆಗೆದುಕೊಳ್ಳುತ್ತದೆ, ಸಿಗದಿದ್ದರೆ ಸೀಟು ಇನ್ನೊಬ್ಬರ ಪಾಲಾಗುತ್ತದೆ.

ಕಟ್ಟೆಯಲ್ಲಿ ಬರೀ ಬೇಡ ಎಂದರೆ ನಡೆಯುವುದಿಲ್ಲ, ಕಾರಣ ಹೇಳಬೇಕು. ಒಪ್ಪಿಗೆಯಾಗುವ ನಲವತ್ತು ಕಾರಣಗಳನ್ನು ಗೋಡೆಗೆ ಹಾಕಿದ್ದಾರೆ: ಬಣ್ಣ ಸರಿಯಿಲ್ಲ, ಅಳತೆ ಸರಿಯಿಲ್ಲ, ಮೈಗೆ ಒಗ್ಗುವುದಿಲ್ಲ, ಇಂಥದ್ದು ಆಗಲೇ ಇದೆ, ಹೀಗೆ. ಒಂದು ಕಾರಣ ಜೀವಮಾನದಲ್ಲಿ ಒಂದೇ ಸಲ. ದುಡ್ಡಿನಲ್ಲಿ ಇಷ್ಟು ಬಿಗಿಯಾದ ನಾನು ಕಾರಣಗಳಲ್ಲಿ ಶುದ್ಧ ದುಂದುಗಾರನಾದೆ. ಬಂದದ್ದೇನೇ ಇರಲಿ, ಮರುಗಳಿಗೆಯಲ್ಲೇ ಕಟ್ಟೆಗೆ ಓಡುತ್ತಿದ್ದೆ, ಬಾಯಿಗೆ ಬಂದ ಕಾರಣ ಹೇಳಿ ಗೆದ್ದವನ ಹಾಗೆ ಮರಳುತ್ತಿದ್ದೆ. ಕನ್ನಡಿಯೊಂದು ಬಂದಾಗ ಮನೆಯಲ್ಲಿ ಸೂತಕ ಎಂದೆ. ಅಜ್ಜ ಆಗ ಗಟ್ಟಿಮುಟ್ಟಾಗಿ ನಮ್ಮ ಮನೆಯ ಜಗಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ನಾಲ್ಕೇ ತಿಂಗಳಲ್ಲಿ ತೀರಿಕೊಂಡ. ನನ್ನ ಮಾತಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಎಷ್ಟು ಹೇಳಿಕೊಂಡರೂ ಮನಸ್ಸು ಕೇಳುವುದಿಲ್ಲ. ಮೊದಲ ವರ್ಷ, ಕಾಲೇಜಿಗೆ ಸೇರಿ ವಾರವೂ ಆಗಿರಲಿಲ್ಲ, ಮೂರು ಕರ್ಚೀಫುಗಳ ಪುಟ್ಟ ಪೊಟ್ಟಣ ಬಂತು. ಹುಡುಗಿಯರು ಸರತಿಯಲ್ಲಿದ್ದರು, ನಗಿಸಬೇಕೆನಿಸಿತು. “ಜಾಗಾ ಇಲ್ರಿ” ಎಂದುಬಿಟ್ಟೆ. ಎಲ್ಲರೂ ನಕ್ಕರು.

ಮೊನ್ನೆ ತೂಗುಮಂಚ ಬಂತು. ಬೀಟೆಯ ಹಲಗೆ, ಹಿತ್ತಾಳೆಯ ಸರಪಳಿ, ನನ್ನ ಗಂಟು ಪೂರ್ತಿ ನುಂಗುವಷ್ಟು ಬೆಲೆ. ನಮ್ಮ ಕೋಣೆಯಲ್ಲಿ ಒಬ್ಬ ಎದ್ದು ನಿಂತರೆ ಇನ್ನೊಬ್ಬ ಕೂರಬೇಕು. ನಿಜ ಹೇಳುತ್ತೇನೆ, ಅದರ ಅಂಚಿನ ಕೆತ್ತನೆಯ ಮೇಲೆ ಬೆರಳಾಡಿಸಿದೆ. ಚೆಂದ ಇತ್ತು. ಒಂದು ಗಳಿಗೆ, ಇಟ್ಟುಕೊಂಡರೆ ಏನಾದೀತು ಎನಿಸಿತು. ಹಾಗೆ ಎನಿಸಿದ್ದಕ್ಕೇ ಹೆಚ್ಚು ಹೆದರಿದೆ. ನಿನ್ನೆ ಬೆಳಿಗ್ಗೆ ಕೈಗಾಡಿಯಲ್ಲಿ ಹೇರಿಕೊಂಡು ಕಟ್ಟೆಗೆ ಬಂದೆ. ಕಿಟಕಿಯಲ್ಲಿ ಶಾವಂತ್ರವ್ವ ಇದ್ದಳು. ಎಪ್ಪತ್ತು ದಾಟಿದರೂ ದುಡಿಯುವ ಮುದುಕಿ, ಮೂರು ವರ್ಷದಿಂದ ನನ್ನ ಕಾರಣಗಳನ್ನೆಲ್ಲ ಬರೆದುಕೊಂಡವಳು.

“ಜಾಗಾ ಇಲ್ಲ ಅಂತ ನೀ ಕರ್ಚೀಫಿಗೆ ಹೇಳಿಬಿಟ್ಟೀಯಲ್ಲೋ ತಮ್ಮಾ,” ಎಂದಳು.

“ಈ ಮಂಚ ನಮ್ಮ ಖೋಲ್ಯಾಗ ಎಲ್ಲಿ ಹಾಕ್ಲಿ ಬೇ? ನೀನ ಬಂದು ನೋಡು.”

“ನನಗ ತಿಳೀತೈತೋ. ಈ ಯಂತ್ರಕ್ಕ ತಿಳೀಬೇಕಲ್ಲ. ಉಳದಿದ್ದು ಒಂದ ಐತಿ, ನಲವತ್ತನೇದು. ಅದನ್ನಷ್ಟ ಹೇಳಬ್ಯಾಡ ನಮ್ಮಪ್ಪಾ.”

ನಲವತ್ತನೆಯದು, ಪಡೆಯಬೇಕಾದವರು ತೀರಿಕೊಂಡಿದ್ದಾರೆ ಎಂಬುದು. ದಾವಲನಿಗೆ ಹೇಳಿದರೆ, “ಸತ್ತೇನಂತ ಹೇಳಿಬಿಡಲೇ, ರೊಕ್ಕರೆ ಉಳೀತೈತಿ” ಎಂದ. ಆದರೆ ಅದನ್ನು ಹೇಳಿದವರ ಹೆಸರು ಅಂದೇ ಎಲ್ಲ ಹಾಜರಿಪಟ್ಟಿಗಳಿಂದ ಹೋಗುತ್ತದೆ. ದುಡ್ಡು ಉಳಿದು ಸೀಟು ಹೋದರೆ ನನಗೇನು ಬಂತು? ಶಾವಂತ್ರವ್ವನ ಕಾರಣಗಳು ಮುಗಿದು ಮೂವತ್ತು ವರ್ಷವಾಯಿತಂತೆ. ಬಂದದ್ದಕ್ಕೆಲ್ಲ ಬೆಲೆ ತೆರಲಿಕ್ಕೇ ಈ ವಯಸ್ಸಿನಲ್ಲೂ ಕಿಟಕಿಯ ಹಿಂದೆ ಕೂತಿದ್ದಾಳೆ. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ನನಗೆ ಇನ್ನೂ ಇಪ್ಪತ್ತೆರಡು.

ರಾತ್ರಿ ಕಟ್ಟೆಯ ನಿಯಮಗಳನ್ನು ಮೂರು ಸಲ ಓದಿದೆ. ಸಂಜೆ ಆರು ಕಿಟಕಿ ಮುಚ್ಚುವ ಹೊತ್ತು, ಆದರೆ ವಾಪಸು ಕೊಡಲು ಬಂದವರು ಎದುರು ನಿಂತಿರುವ ತನಕ ಮುಚ್ಚುವಂತಿಲ್ಲ, ಕಿಟಕಿ ಮುಚ್ಚುವ ತನಕ ಯಾವ ಖರೀದಿಯೂ ಪೂರ್ತಿಯಾಗುವುದಿಲ್ಲ. ಕಾರಣ ಹೇಳದೆ ಒಬ್ಬ ಸುಮ್ಮನೆ ನಿಂತೇ ಇದ್ದರೆ ಏನು ಮಾಡಬೇಕೆಂದು ಎಲ್ಲೂ ಬರೆದಿಲ್ಲ. ಬಹುಶಃ ಯಾರೂ ನಿಂತಿಲ್ಲ. ಇವತ್ತು ನಾನು ಬೇಡ ಎಂದಷ್ಟೇ ಹೇಳಿ ನಿಲ್ಲುತ್ತೇನೆ. ಸೋಮವಾರದ ತನಕ ನಿಲ್ಲಬಲ್ಲೆನೇ, ಎಳೆದು ಹಾಕುತ್ತಾರೆಯೇ, ನನ್ನ ದೆಸೆಯಿಂದ ಶಾವಂತ್ರವ್ವನ ಕೆಲಸಕ್ಕೆ ಕುತ್ತು ಬರುತ್ತದೆಯೇ, ಒಂದೂ ಗೊತ್ತಿಲ್ಲ. ಮಂಚದ ಪೆಟ್ಟಿಗೆಯ ಮೇಲೆಯೇ ಕುಳಿತು ಬರೆಯುತ್ತಿದ್ದೇನೆ. ಅದು ಆಗಾಗ ಅಜ್ಜಿಯ ಧ್ವನಿಯಲ್ಲಿ ಕೂಸೇ ಎಂದು ಕರೆಯುತ್ತದೆ.

ನಿಮಗೆ ಬರೆಯಲು ಕಾರಣವಿದೆ. ಗೋಡೆಯ ಮೇಲಿನ ನಲವತ್ತು ಕಾರಣಗಳು ಉಪಚಾರದವರು ತಾವಾಗಿ ಬರೆದದ್ದಲ್ಲ, ನಿಮ್ಮಿಂದ ಬಂದದ್ದು ಎಂದು ಪಾಠದಲ್ಲಿ ಓದಿದೆವು. ನೀವು ಏನನ್ನಾದರೂ ಹಿಂದಿರುಗಿಸುವಾಗ ಪರದೆಯ ಮೇಲೆ ಸಣ್ಣ ಪಟ್ಟಿಯೊಂದು ಬರುತ್ತಿತ್ತಂತೆ, ಯಾಕೆ ಬೇಡವೆಂದು ದಯವಿಟ್ಟು ತಿಳಿಸಿ ಎಂದು. ನೀವು ಮರ್ಯಾದಸ್ತರು, ಒಂದಕ್ಕೆ ಗುರುತು ಹಾಕಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದಿರಿ. ನಿಮ್ಮ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಟ್ಟಿದೆ. ಒಂದು ಗುರುತಿನಿಂದ ಏನಾಗುತ್ತದೆಂದು ನಿಮಗೆ ತಿಳಿದಿರಲಿಲ್ಲ ಎಂಬುದೂ ಗೊತ್ತು.

ನನ್ನ ಮುಂದೆ ಇನ್ನು ಒಬ್ಬರೇ ಉಳಿದಿದ್ದಾರೆ, ಬೇಗ ಹೇಳಿಬಿಡುತ್ತೇನೆ. ನಿಮ್ಮನ್ನು ಇನ್ನೂ ಯಾರೂ ಕಿಟಕಿಯ ಮುಂದೆ ನಿಲ್ಲಿಸಿಲ್ಲ. ಯಾಕೆ ಬೇಡ ಎಂದು ಎಷ್ಟೇ ನಯವಾಗಿ ಕೇಳಲಿ, ಉತ್ತರ ಕೊಡಬೇಡಿ. ಒರಟರು ಎಂದುಕೊಂಡರೆ ಎಂದುಕೊಳ್ಳಲಿ. ಬೇಡ ಎನ್ನಿ, ಬರಿಗೈ ಬೀಸಿಕೊಂಡು ಮನೆಗೆ ನಡೆಯಿರಿ. ನಿಮ್ಮಲ್ಲಿ ಯಾರು ಹಾಗೆ ನಡೆದು ಹೋದರೆಂದು ನನಗೆ ತಿಳಿಯುವ ದಾರಿಯಿಲ್ಲ. ಕಿಟಕಿಯ ಮುಂದೆ ನಿಂತಾಗ, ಒಬ್ಬರಾದರೂ ಹೋದರು ಎಂದು ನಂಬಿಕೊಂಡಿರುತ್ತೇನೆ.

ಇಂತಿ,
ಇನ್ನೂ ಬದುಕಿರುವ
ಫಕ್ಕೀರೇಶ