ಹಾಲಿನ ಕೋಣೆಗೊಂದು ಉಡುಗೊರೆ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಮುದ್ದಿನ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಭಾವ ಎದೆಯುರಿ ಎನ್ನುತ್ತಲೇ ಇನ್ನೂ ಕರಿದದ್ದು ತಿನ್ನುತ್ತಿದ್ದಾರೋ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮ ಬಂದು ವಾರವಾಯಿತು. ಬಂದ ದಿನದಿಂದ ನನ್ನ ಅಡುಗೆಮನೆಯ ಡಬ್ಬಗಳ ಜಾಗ ಬದಲಿಸುತ್ತಲೇ ಇದ್ದಾಳೆ, ಈಗ ಉಪ್ಪು ಬೇಕಾದರೂ ಅವಳನ್ನೇ ಕೇಳಬೇಕು. ಮುಂದಿನ ಭಾನುವಾರ ಬಟಾಣಿಗೆ ಒಂದು ವರ್ಷ ತುಂಬುತ್ತದೆ. ನೀನು ಇನ್ನೂ ಅವಳ ಮುಖ ನೋಡಿಲ್ಲ. ಯಾಕೆ ಎಂದು ನಾನು ಕೇಳುವುದಿಲ್ಲ. ನಿನ್ನ ಮಡಿಲು ಬರಿದಾದ ಎರಡೇ ತಿಂಗಳಿಗೆ ನನ್ನದು ತುಂಬಿತು. ಅಷ್ಟರಲ್ಲಿ ಭಾವನಿಗೆ ವರ್ಗವಾಗಿ ನೀವು ಊರು ಬಿಟ್ಟಿದ್ದಿರಿ. ಆ ಸಂಕಟ ನನಗೆ ಅರ್ಥವಾಗದೇ ಇಲ್ಲ. ಆದರೂ ಈ ಮನೆಗೆ ಯಾರು ಬಂದುಹೋದರೂ ನೀನು ಬಂದಿಲ್ಲವೆಂಬುದೇ ಮನಸ್ಸಿನಲ್ಲಿ ಉಳಿಯುತ್ತದೆ.

ಬಟಾಣಿ ಎಂಬ ಅಡ್ಡಹೆಸರು ಇವರು ಇಟ್ಟದ್ದೇ. ದಿನ ತುಂಬುವ ಮೊದಲೇ ಹುಟ್ಟಿದವಳು ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗ ಇವರ ಉಂಗುರ ಅವಳ ತೋಳಿಗೆ ಬಳೆಯಾಗುತ್ತಿತ್ತು. ನನಗೋ ಹಾಲೇ ಇಳಿಯಲಿಲ್ಲ. ಒಂದು ಬೆಳಗ್ಗೆ ಹಾಲಿನ ಕೋಣೆಯ ನರ್ಸಮ್ಮ ಹೆಬ್ಬೆರಳುದ್ದದ ಬಾಟಲಿ ತಂದರು. ಮಕ್ಕಳ ವಾರ್ಡಿನ ಕೊನೆಗೆ ಅಂಥದ್ದೊಂದು ಕೋಣೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ತಮ್ಮ ಮಗುವಿಗೆ ಸಾಕಾಗಿ ಮಿಕ್ಕ ಹಾಲನ್ನು ತಾಯಂದಿರು ಅಲ್ಲಿಗೆ ಕೊಡುತ್ತಾರೆ. ನಾಲ್ಕೈದು ಜನರದ್ದನ್ನು ಬೆರೆಸಿ, ಬಿಸಿನೀರಿನಲ್ಲಿಟ್ಟು ಹದವಾಗಿ ಕಾಯಿಸಿ, ಫ್ರೀಜರಿನಲ್ಲಿಡುತ್ತಾರೆ. "ಯಾರ ಹಾಲಿದು?" ಎಂದು ಕೇಳಿದೆ. "ಬೆರೆತ ಮೇಲೆ ಯಾರದ್ದು ಅಂತ ಹೇಗಮ್ಮ ಹೇಳೋದು?" ಎಂದು ನಕ್ಕರು. ದಾರದಂಥ ನಳಿಗೆಯಲ್ಲಿ ಅದು ಹನಿಹನಿಯಾಗಿ ಇಳಿಯುವುದನ್ನು ನೋಡುತ್ತಾ ಕೂತೆ. ಕಂಡು ಕೇಳಿಲ್ಲದ ಹೆಂಗಸರು ನನ್ನ ಮಗಳನ್ನು ಬದುಕಿಸುತ್ತಿದ್ದರು. ಅವರನ್ನು ನಾನು ದಾರಿಯಲ್ಲಿ ಕಂಡರೂ ಗುರುತಿಸಲಾರೆ. ಈಗಲೂ ಬಸ್ಸಿನಲ್ಲಿ ಯಾರಾದರೂ ಪಕ್ಕಕ್ಕೆ ಬಂದು ಕೂತರೆ, ಇವಳೇ ಇರಬಹುದೇ ಎಂದು ನೋಡುತ್ತೇನೆ.

ಹಾಗಾಗಿ ಹುಟ್ಟುಹಬ್ಬಕ್ಕೆ ಉಡುಗೊರೆ ಬೇಡ ಎಂದು ತೀರ್ಮಾನಿಸಿದೆ. ಆ ಕೋಣೆಯ ಫ್ರೀಜರ್ ಹಳೆಯದು, ಬಾಗಿಲು ಮುಚ್ಚಿ ನಿಲ್ಲದೆ ಬಟ್ಟೆ ಕಟ್ಟಿದ್ದಾರೆ. ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ನಾನೇ ಅಕ್ಷರ ಜೋಡಿಸಿ ಕಾರ್ಡು ಮಾಡಿದೆ: "ಬಟಾಣಿಗೆ ಏನೂ ತರಬೇಡಿ. ಹೊಸ ಫ್ರೀಜರಿಗೆ ಕೈಲಾದದ್ದು ಕೊಡಿ." ಅತ್ತೆ ಕೆಂಡಾಮಂಡಲವಾದರು. "ಊಟಕ್ಕೆ ಕರೆದವರ ಮುಂದೆ ಕೈ ಚಾಚೋದಾ? ನಾಲ್ಕು ಜನ ಏನಂದಾರು?" ಎಂದು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಇವರು ಅವರನ್ನು ಉಪಾಯವಾಗಿ ಆ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಏನು ಕಂಡರೋ ಕಾಣೆ, ಈಗ ಬೀದಿಯಲ್ಲಿ ಕಾರ್ಡು ಹಂಚುತ್ತಿರುವವರೇ ಅತ್ತೆ! ಇವರ ದೊಡ್ಡಪ್ಪ ಮಾತ್ರ ಹಾಲಿನ ಕೋಣೆ ಎಂದದ್ದೇ ತಡ, "ಎಮ್ಮೆದು ಆಗುತ್ತಾ? ಎಷ್ಟು ಲೀಟರ್ ಹೇಳ್ಲಿ?" ಎಂದು ಫೋನ್ ಮಾಡಿದರು. ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಬಡಗಿಯಲ್ಲವೇ, ಬಟಾಣಿಗೆಂದು ಆಗಲೇ ಮರದ ಕುದುರೆ ಮಾಡಿಬಿಟ್ಟಿದ್ದಾರೆ. ಅದು ವಾರ್ಡಿನ ಮಕ್ಕಳಿಗೆ ಹೋಗುತ್ತದೆ.

ಭಾವನಿಗೆ ನನ್ನ ನಮಸ್ಕಾರ. ಅಮ್ಮ ನಿಮ್ಮಿಬ್ಬರಿಗೂ ಆಶೀರ್ವಾದ ತಿಳಿಸಿದ್ದಾಳೆ. ಬಟಾಣಿ ಈ ಕಾಗದದ ಮೂಲೆಯನ್ನು ಜಗಿದಿದ್ದಾಳೆ, ಅದನ್ನೇ ಅವಳ ಮುತ್ತೆಂದುಕೋ.

ನಿನ್ನ ಜಗಳಗಂಟಿ ತಂಗಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಮೊನ್ನೆ ಲಕೋಟೆಯ ಮೇಲೆ ನಿನ್ನ ವಿಳಾಸ ಬರೆಯುತ್ತಿದ್ದಾಗ ಅಮ್ಮ ಕೈ ಹಿಡಿದಳು. "ಅವಳಿಗೆ ಆ ಕಾರ್ಡ್ ಕಳಿಸ್ಬೇಡ ಕಣೇ. ಅವಳ ಪಾಲು ಅವಳು ಆಗ್ಲೇ ಕೊಟ್ಟಿದ್ದಾಳೆ" ಎಂದಳು. ಆಮೇಲೆ ಅಳುತ್ತಾ ಎಲ್ಲವನ್ನೂ ಹೇಳಿದಳು. ಮಗು ಹೋದ ಮೇಲೂ ನಿನಗೆ ಹಾಲು ನಿಲ್ಲಲಿಲ್ಲವಂತೆ. ಊರು ಬಿಡುವವರೆಗೂ ದಿನಾ ಬೆಳಗ್ಗೆ ಆ ಕೋಣೆಗೆ ಹೋಗಿ ಕೊಟ್ಟು ಬಂದೆಯಂತೆ, ಭಾವ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದರಂತೆ. ಅಕ್ಕಾ, ಅದು ಹೇಗೆ ಸಾಧ್ಯವಾಯಿತು ನಿನಗೆ? ಬಟಾಣಿ ಕುಡಿದದ್ದರಲ್ಲಿ ನಿನ್ನದೂ ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ನನಗೆ ತಿಳಿಯಬೇಕಾಗಿಯೂ ಇಲ್ಲ. ಯಾವುದೋ ಮಗು ಅದನ್ನು ಕುಡಿದು ಈಗ ಎಲ್ಲೋ ಗೋಡೆ ಹಿಡಿದು ನಡೆಯುತ್ತಿದೆ. ಕಾರ್ಡು ಇದರೊಳಗೆ ಇಟ್ಟಿಲ್ಲ. ಭಾನುವಾರ ಬಂದುಬಿಡು. ಬರಿಗೈಯಲ್ಲೇ ಬಾ. ಬಟಾಣಿಯನ್ನು ಎತ್ತಿಕೊಳ್ಳಲು ಈಗ ಎರಡೂ ಕೈ ಬೇಕು, ಅಷ್ಟು ಭಾರವಾಗಿದ್ದಾಳೆ.